ವಿಟ್ಲಿ ಸ್ಟೋಕ್ಸ್ ಅವರ ಐರಿಷ್ ಗ್ರಂಥಸಂಪಾದನೆ: ಒಂದು ವಿಮರ್ಶೆ

ಹಿಂದೂ ನ್ಯಾಯಶಾಸ್ತ್ರದ ಚರಿತ್ರೆಯನ್ನು ಅಭ್ಯಾಸಮಾಡಿದವರಿಗೆ 1865ರಲ್ಲಿ ಮದರಾಸಿನಲ್ಲಿ ಅಚ್ಚಾದ ‘ಹಿಂದೂ ಲಾ ಬುಕ್ಸ್’ ಎಂಬ ಸಂಪುಟವು ಅಪರಿಚಿತವಾದುದಲ್ಲ. ಕೋಲ್‌ಬ್ರೂಕ್ ಅವರು ಇಂಗ್ಲಿಷಿಗೆ ಪರಿವರ್ತಿಸಿದ ಮಿತಾಕ್ಷರಾ ಮತ್ತು ದಾಯಭಾಗಗಳೂ, ಬೊರಡೇಲ್ ಅವರ ವ್ಯವಹಾರಮಯೂಖವೂ, ಸದರ್ಲಂಡ್ ಅವರ ದತ್ತಕ ಗ್ರಂಥಗಳೆರಡೂ ಅದರಲ್ಲಿ ಒಟ್ಟುಗೂಡಿವೆ. ಇವುಗಳಲ್ಲಿ ಮಿತಾಕ್ಷರಾ ನಮ್ಮ ನಾಡಿನದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಆ ಸಂಪುಟದ ಮುಖಪತ್ರದಲ್ಲಿ ಸಂಪಾದಕರೆಂದು ಕಾಣುವ ಹೆಸರು ವಿಟ್ಲಿ ಸ್ಟೋಕ್ಸ್. ಅದೇ ವರ್ಷಗಳಲ್ಲಿ, ನ್ಯಾಯಾಲಯದ ಕೆಲಸದಿಂದ ಉಳಿದ ವೇಳೆಯಲ್ಲಿ, ಇದೇ ಮಹನೀಯರು ಐರ್ಲೆಂಡಿನ ಎಂಟನೆಯ ಒಂಬತ್ತನೆಯ ಶತಮಾನಗಳ ಭಾಷೆಯನ್ನು ಅಕ್ಷರಕ್ಷರವಾಗಿ ಓದಿ, ಅದರ ಸಾಹಿತ್ಯವನ್ನು ಪ್ರಪಂಚಕ್ಕೆ ದೊರಕಿಸಿಕೊಡುವ ಕಾರ್ಯದಲ್ಲಿ ತೊಡಗಿದ್ದರೆಂಬುದು ಮಾತ್ರ ನಮ್ಮಲ್ಲಿ ಅಷ್ಟಾಗಿ ತಿಳಿಯದು.

ಇವರ ಐರಿಷ್ ಕಾರ್ಯವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಬಹುಕಾಲದಿಂದ ಬಳಕೆಯಲ್ಲಿವೆ. ಇವರು ಶುಷ್ಕ ವ್ಯಾಕರಣಕಾರರು, ಕಾವ್ಯವನ್ನು ಶಬ್ದಗಳ ಉಗ್ರಾಣವೆಂದು ಮಾತ್ರ ಬಗೆದವರು ಎಂಬುದು ಒಂದು. ಇವರು ರಾಗದ್ವೇಷಗಳಿಲ್ಲದ ಶುದ್ಧ ವಿಜ್ಞಾನಿಗಳು, ಇವರ ಪಾಠಗಳನ್ನು ಕಣ್ಣುಮುಚ್ಚಿ ಸ್ವೀಕರಿಸಬಹುದು ಎಂಬುದು ಇನ್ನೊಂದು. ಇವೆರಡೂ ಅಪೂರ್ಣವೆಂದು ನನಗೆ ತೋರುತ್ತದೆ. ಸ್ಟೋಕ್ಸ್ ಅವರು ವೃತ್ತಿಯಿಂದ ನ್ಯಾಯವಾದಿಗಳು. ಹಳೆಯ ಗ್ರಂಥವನ್ನು ಅವರು ನ್ಯಾಯಾಲಯದ ಮುಂದೆ ಹಾಜರುಪಡಿಸಿದ ದಸ್ತಾವೇಜಿನಂತೆ ಕಂಡರು. ಅವರ ಸಂಪಾದನೆಯ ಬಲವೂ ಈ ದೃಷ್ಟಿಯಿಂದಲೇ ಬಂದುದು, ಅದರ ಕುಂದೂ ಇದರಿಂದಲೇ ಬಂದುದು. ಈ ಮಾತನ್ನು ಕೆಲವು ನಿದರ್ಶನಗಳಿಂದ ಸ್ಥಾಪಿಸುವುದು ಈ ಲೇಖನದ ಉದ್ದೇಶ.

ಸ್ಟೋಕ್ಸ್ ಅವರು 1830ನೆಯ ಫೆಬ್ರವರಿ 28ರಂದು ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ವಿಲಿಯಂ ಸ್ಟೋಕ್ಸ್ ಪ್ರಖ್ಯಾತ ವೈದ್ಯರು. ಪ್ರಾಚ್ಯವಸ್ತು ಸಂಶೋಧಕ ಜಾರ್ಜ್ ಪೆಟ್ರಿಯವರ ಜೀವನಚರಿತ್ರೆಯನ್ನು ಬರೆದವರು. ಆ ಮನೆಗೆ ಪೆಟ್ರಿಯವರಲ್ಲದೆ ಜಾನ್ ಒಡೊನೊವನ್, ಯೂಜೀನ್ ಒಕರಿ ಮುಂತಾದ ಐರಿಷ್ ವಿದ್ವಾಂಸರ ಬಳಕೆಯಿತ್ತು. ತಂಗಿ ಮಾರ್ಗರೆಟ್ ಮುಂದೆ ಐರ್ಲೆಂಡಿನ ಪ್ರಾಚೀನ ಕ್ರೈಸ್ತ ಶಾಸನಗಳನ್ನೂ ಶಿಲ್ಪವನ್ನೂ ಕುರಿತು ಬರೆದು ಹೆಸರು ಪಡೆದರು. ಸ್ಟೋಕ್ಸ್ ಅವರಿಗೆ ಹದಿನೈದು ವರ್ಷ ತುಂಬಿದ 1845ರಲ್ಲಿ ಐರ್ಲೆಂಡಿನಲ್ಲಿ ಮಹಾಕ್ಷಾಮವು ಆರಂಭವಾಯಿತು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆಯು 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಸತ್ತವರಲ್ಲಿಯೂ ಹಡಗು ಹತ್ತಿದವರಲ್ಲಿಯೂ ಐರಿಷ್ ಮಾತನಾಡುವ ಬಡಜನರೇ ಬಹುಸಂಖ್ಯಾತರಾಗಿದ್ದರು. ಇವರು ಟ್ರಿನಿಟಿ ಕಾಲೇಜಿನಿಂದ ಪದವಿ ಪಡೆದುದು ಅದೇ 1851ರಲ್ಲಿ. ಈ ಕಾಲಸಾಮ್ಯವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದು ಬೇಕಾಗುತ್ತದೆ.

ಇವರ ವಿದ್ಯೆಯ ದಿಕ್ಕನ್ನು ನಿರ್ಧರಿಸಿದವು ಎರಡು. 1853ರಲ್ಲಿ ತ್ಸೊಯಿಸ್ ಎಂಬ ಜರ್ಮನ್ ಪಂಡಿತರು ಲ್ಯಾಟಿನ್ ಭಾಷೆಯಲ್ಲಿ ‘ಕೆಲ್ಟಿಕ್ ವ್ಯಾಕರಣ’ವನ್ನು ಪ್ರಕಟಿಸಿದರು. ಮಧ್ಯಯುಗದ ಐರಿಷ್ ಸಂನ್ಯಾಸಿಗಳು ಯೂರೋಪಿನ ಮಠಗಳಲ್ಲಿ ಲ್ಯಾಟಿನ್ ಗ್ರಂಥಗಳನ್ನು ಓದುವಾಗ ಸಾಲುಗಳ ನಡುವೆಯೂ ಅಂಚಿನಲ್ಲಿಯೂ ತಮ್ಮ ಮಾತೃಭಾಷೆಯಲ್ಲಿ ಬರೆದಿಟ್ಟ ಟಿಪ್ಪಣಿಗಳೇ ಆ ವ್ಯಾಕರಣದ ಮುಖ್ಯ ಆಧಾರ. ಎರಡನೆಯದು, ಡಬ್ಲಿನ್ನಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಸೀಗ್‌ಫ್ರೀಡ್ ಎಂಬ ಜರ್ಮನ್ ವಿದ್ವಾಂಸರ ಸಹವಾಸ. ಐರಿಷ್ ಭಾಷೆಯು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಬಂಧುವೆಂಬುದನ್ನೂ ಅದರ ಅಭ್ಯಾಸಕ್ಕೆ ಆ ಭಾಷೆಗಳಿಗೆ ಸಲ್ಲುವ ಕಠಿನ ನಿಯಮಗಳೇ ಸಲ್ಲಬೇಕೆಂಬುದನ್ನೂ ಸ್ಟೋಕ್ಸ್ ಅವರು ಇವರಿಂದ ಕಲಿತರು. ದೇಶಾಭಿಮಾನದಿಂದ ಪ್ರೇರಿತರಾದ ಹಲವರು ಐರಿಷ್ ಪದಗಳಿಗೆ ತೋಚಿದ ವ್ಯುತ್ಪತ್ತಿಯನ್ನು ಹೇಳುತ್ತಿದ್ದ ಕಾಲದಲ್ಲಿ ಈ ಶಿಸ್ತು ಹೊಸದಾಗಿತ್ತು.

1855ರಲ್ಲಿ ಲಂಡನ್ನಿನಲ್ಲಿ ನ್ಯಾಯವಾದಿಗಳಾದ ಇವರು 1862ರಲ್ಲಿ ಮದರಾಸಿಗೆ ಬಂದರು. ಬಳಿಕ ಕಲ್ಕತ್ತೆಗೆ ಹೋಗಿ, ಸರಕಾರದ ಕಾನೂನು ಇಲಾಖೆಯ ಕಾರ್ಯದರ್ಶಿಗಳಾಗಿ, 1877ರಿಂದ 1882ರವರೆಗೆ ವೈಸರಾಯರ ಮಂಡಲಿಯ ಕಾನೂನು ಸದಸ್ಯರಾಗಿದ್ದರು. 1881ರ ವರ್ಗಾವಣೀಯ ಹುಂಡಿಪತ್ರಗಳ ಕಾಯಿದೆ, 1882ರ ಸ್ವತ್ತು ವರ್ಗಾವಣೆ ಕಾಯಿದೆ, ನ್ಯಾಸಗಳ ಕಾಯಿದೆ, ಅನುಭೋಗದ ಹಕ್ಕುಗಳ ಕಾಯಿದೆ, ಅದೇ ವರ್ಷದ ದಂಡ ಪ್ರಕ್ರಿಯಾ ಸಂಹಿತೆ ಇವುಗಳಿಗೆ ಅಂತಿಮರೂಪ ಕೊಡುವುದರಲ್ಲಿ ಇವರದು ಪ್ರಧಾನ ಹಸ್ತ. ಕೊನೆಯದನ್ನು ಬಿಟ್ಟು ಉಳಿದವು ಇಂದಿಗೂ ನಮ್ಮ ನ್ಯಾಯಾಲಯಗಳಲ್ಲಿ ನಡೆಯುತ್ತಿವೆ. ನಿವೃತ್ತಿಯ ಅನಂತರ ‘ಆಂಗ್ಲೋ ಇಂಡಿಯನ್ ಕೋಡ್ಸ್’ ಎಂಬ ಹೆಸರಿನಿಂದ ಈ ಸಂಹಿತೆಗಳನ್ನು ಟಿಪ್ಪಣಿಸಹಿತವಾಗಿ ಎರಡು ಸಂಪುಟಗಳಲ್ಲಿ 1887 ಮತ್ತು 1888ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ರಾಜಕಾರ್ಯದ ನಡುವೆ ಐರಿಷ್ ಗ್ರಂಥಗಳ ಕೆಲಸವು ನಿಲ್ಲಲಿಲ್ಲವೆಂಬುದೇ ಆಶ್ಚರ್ಯ. ‘ಗೊಯಿಡಿಲಿಕ’ ಎಂಬ ಟಿಪ್ಪಣಿಸಂಗ್ರಹವು 1866ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. 908ರಲ್ಲಿ ಯುದ್ಧದಲ್ಲಿ ಮಡಿದ ಮನ್‌ಸ್ಟರ್ ಪ್ರಾಂತದ ರಾಜನೂ ಬಿಷಪ್ಪನೂ ಆದ ಕೊರ್ಮಾಕನ ಹೆಸರಿನಲ್ಲಿರುವ ನಿಘಂಟು 1868ರಲ್ಲಿ ಅದೇ ನಗರದಲ್ಲಿ ಹೊರಬಂತು. (ನಮ್ಮ ನೃಪತುಂಗನಿಗೂ ಈ ಕೊರ್ಮಾಕನಿಗೂ ನಡುವೆ ಒಂದು ತಲೆಮಾರಿನ ಅಂತರ ಮಾತ್ರ.) ಸಂತ ಅದಮ್ನಾನನು ಸ್ವರ್ಗನರಕಗಳನ್ನು ಕಂಡ ದರ್ಶನದ ಕಥೆಯನ್ನು 1870ರಲ್ಲಿ ಸಿಮ್ಲಾದಲ್ಲಿ ಮುದ್ರಿಸಿದರು, ತೆಗೆದ ಪ್ರತಿಗಳು ಐವತ್ತು. 1877ರಲ್ಲಿ ಪೇಟ್ರಿಕ್, ಬ್ರಿಜಿತ್, ಕೊಲುಂಬ ಎಂಬ ಮೂವರು ಸಂತರನ್ನು ಕುರಿತ ಧರ್ಮೋಪದೇಶಗಳೂ, 1880ರ ದಶಕದ ಆದಿಯಲ್ಲಿ ಟ್ರಾಯ್ ನಗರದ ನಾಶವನ್ನು ಹೇಳುವ ಐರಿಷ್ ಗದ್ಯಕಥೆಯೂ ಮತ್ತೆ ಕಲ್ಕತ್ತೆಯಲ್ಲಿಯೇ ಬೆಳಕು ಕಂಡವು. ಐರ್ಲೆಂಡಿನ ಒಂದು ಅಕ್ಷರವನ್ನೂ ಅರಿಯದ ಅಚ್ಚುಮೊಳೆಗಾರರು ಈ ಪುಟಗಳನ್ನು ಜೋಡಿಸಿದರೆಂಬುದನ್ನು ಊಹಿಸಿಕೊಂಡರೆ, ಕರಡು ತಿದ್ದಿದ ಸಂಪಾದಕರ ತಾಳ್ಮೆಯು ಎಷ್ಟೆಂದು ತಿಳಿಯುತ್ತದೆ.

ಹಸ್ತಪ್ರತಿಗಳಿಂದ ಸಾವಿರಾರು ಮೈಲಿ ದೂರವಿದ್ದು ಸಂಪಾದನೆ ಮಾಡುವುದು ಹೇಗೆ? ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯು 1870ರಿಂದ ಮುಂದಕ್ಕೆ ಪ್ರಮುಖ ಹಸ್ತಪ್ರತಿಗಳ ಯಥಾಪ್ರತಿಗಳನ್ನು ಶಿಲಾಮುದ್ರಣದಲ್ಲಿ ಹೊರತರುತ್ತಿತ್ತು. ಸ್ಟೋಕ್ಸ್ ಅವರು ಇವುಗಳನ್ನೂ, ರಜೆಯಲ್ಲಿ ಯೂರೋಪಿಗೆ ಹೋದಾಗ ತಾವೇ ಮಾಡಿಕೊಂಡ ನಕಲುಗಳನ್ನೂ ಅವಲಂಬಿಸಿದರು. ಇಂಥ ಸನ್ನಿವೇಶದಲ್ಲಿ ಹಲವು ಪ್ರತಿಗಳನ್ನು ತಾಳೆನೋಡಿ ಶುದ್ಧಪಾಠವನ್ನು ನಿರ್ಣಯಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಅವರು ಒಂದು ಪ್ರತಿಯನ್ನು ಇದ್ದಂತೆಯೇ ಮುದ್ರಿಸುವ ಮಾರ್ಗವನ್ನು ಹಿಡಿದರು. ಲಿಪಿಕಾರನು ಸಂಕ್ಷೇಪಿಸಿ ಬರೆದ ಪದವನ್ನು ಬಿಡಿಸಿದಾಗ, ತಾವು ಸೇರಿಸಿದ ಅಕ್ಷರಗಳನ್ನು ವಾಲಿದ ಅಚ್ಚಿನಲ್ಲಿ ತೋರಿಸಿದರು. ನಮ್ಮ ಶಾಸನ ಸಂಪಾದಕರು ನಷ್ಟವಾದ ಅಕ್ಷರಗಳನ್ನು ಊಹಿಸಿ ಕಂಸದೊಳಗೆ ಹಾಕುವುದನ್ನು ಬಲ್ಲ ವಿದ್ಯಾರ್ಥಿಗಳಿಗೆ ಈ ಪದ್ಧತಿಯ ಬೆಲೆಯನ್ನು ವಿವರಿಸಬೇಕಾಗಿಲ್ಲ. ಯಾವುದು ಸಾಕ್ಷಿ, ಯಾವುದು ವಕೀಲನ ಮಾತು ಎಂಬುದು ಪುಟದ ಮೇಲೆಯೇ ಬೇರೆಬೇರೆಯಾಗಿ ಕಾಣುತ್ತದೆ.

ಈ ಮಾರ್ಗದ ಫಲವನ್ನು ಕಾಣಲು ಓಯಿಂಗುಸನ ಪಂಚಾಂಗವನ್ನು ನೋಡಬೇಕು. ಸುಮಾರು 800ರಲ್ಲಿ ರಚಿತವಾದ ಈ ಪದ್ಯಗ್ರಂಥದಲ್ಲಿ ವರ್ಷದ ಒಂದೊಂದು ದಿನಕ್ಕೂ ಒಂದೊಂದು ಚೌಪದಿಯಿದ್ದು, ಆ ದಿನದ ಸಂತರ ಸ್ಮರಣೆಯಿದೆ. 1880ರಲ್ಲಿ ಸ್ಟೋಕ್ಸ್ ಅವರು ಇದನ್ನು ಪ್ರಕಟಿಸಿದಾಗ ಪಾಠಭೇದಗಳನ್ನು ಅಡಗಿಸದೆ ಹಲವು ಪ್ರತಿಗಳನ್ನು ಅಕ್ಕಪಕ್ಕದಲ್ಲಿಯೇ ಅಚ್ಚುಹಾಕಿಸಿದರು. ಇಪ್ಪತ್ತೈದು ವರ್ಷಗಳು ಕಳೆದ ಮೇಲೆ, 1905ರಲ್ಲಿ, ಹೆಚ್ಚು ಪ್ರತಿಗಳು ಕೈಗೆ ಸಿಕ್ಕಿ ಭಾಷೆಯ ತಿಳಿವಳಿಕೆಯೂ ಬೆಳೆದಿದ್ದುದರಿಂದ, ಅದೇ ಗ್ರಂಥವನ್ನು ಪರಿಷ್ಕೃತ ಪಾಠದೊಂದಿಗೆ ಮತ್ತೆ ಸಂಪಾದಿಸಿದರು. ಆಗ ಅವರಿಗೆ ಎಪ್ಪತ್ತೈದು ವರ್ಷ. ತಮ್ಮ ಮೊದಲ ಆವೃತ್ತಿಯನ್ನು ಸಮರ್ಥಿಸಿಕೊಳ್ಳುವ ಗೋಜಿಗೆ ಹೋಗದೆ ಅದನ್ನು ಬದಿಗಿಟ್ಟು ಹೊಸದನ್ನು ಕೊಡುವ ಮನಸ್ಸು ಎಲ್ಲ ಪಂಡಿತರಿಗೂ ಇರುವುದಲ್ಲ. ಕಾಯಿದೆಗೆ ತಿದ್ದುಪಡಿ ತರುವವನ ಅಭ್ಯಾಸವಿದು ಎಂದರೆ ತಪ್ಪಾಗಲಾರದು.

ಇನ್ನು ನ್ಯಾಯಶಾಸ್ತ್ರಕ್ಕೂ ಐರಿಷ್ ಸಾಹಿತ್ಯಕ್ಕೂ ಇರುವ ನೇರವಾದ ಸಂಬಂಧವನ್ನು ವಿಚಾರಿಸಬಹುದು. ಐರ್ಲೆಂಡಿನ ಪ್ರಾಚೀನ ಧರ್ಮಶಾಸ್ತ್ರವು ‘ಬ್ರೆಹನ್’ ಎಂದು ಕರೆಯಲ್ಪಡುವ ನ್ಯಾಯಜ್ಞರ ಪರಂಪರೆಯಲ್ಲಿ ಬಂದುದು. ಹದಿನೇಳನೆಯ ಶತಮಾನದ ಆದಿಯಲ್ಲಿ ಇಂಗ್ಲಿಷ್ ನ್ಯಾಯಾಲಯಗಳು ಅದನ್ನು ಅಮಾನ್ಯಗೊಳಿಸಿದವು. ಅದರ ಹಸ್ತಪ್ರತಿಗಳ ಪುಟವಿನ್ಯಾಸವನ್ನು ಕಂಡ ಭಾರತೀಯನಿಗೆ ಪರಿಚಯದ ಭಾವವುಂಟಾಗುತ್ತದೆ: ನಡುವೆ ದಪ್ಪ ಅಕ್ಷರದಲ್ಲಿ ಪ್ರಾಚೀನ ಮೂಲ, ಸಾಲುಗಳ ಮಧ್ಯೆ ಸಣ್ಣ ಅಕ್ಷರದಲ್ಲಿ ಪದಾರ್ಥ, ಸುತ್ತಲೂ ಅನಂತರದವರ ವ್ಯಾಖ್ಯಾನ. ಮೂಲ, ಟೀಕೆ, ಟಿಪ್ಪಣಿ ಎಂಬ ನಮ್ಮ ಶ್ರೇಣಿಯೇ ಅಲ್ಲಿಯೂ ಇದೆ. ಯಾಜ್ಞವಲ್ಕ್ಯನ ಶ್ಲೋಕವನ್ನು ವಿಜ್ಞಾನೇಶ್ವರನಿಲ್ಲದೆ ಓದುವುದು ಎಷ್ಟು ಕಷ್ಟವೋ, ಆ ಮೂಲವನ್ನು ವ್ಯಾಖ್ಯಾನವಿಲ್ಲದೆ ಓದುವುದೂ ಅಷ್ಟೇ ಕಷ್ಟ; ವ್ಯಾಖ್ಯಾನಕಾರನು ಮೂಲವನ್ನು ತನ್ನ ಕಾಲಕ್ಕೆ ಬಗ್ಗಿಸಿಕೊಳ್ಳುವನೆಂಬ ಎಚ್ಚರವೂ ಎರಡು ಕಡೆಗಳಲ್ಲಿ ಅಷ್ಟೇ ಅಗತ್ಯ. ಮದರಾಸಿನಲ್ಲಿ ಮಿತಾಕ್ಷರೆಯನ್ನು ಅಚ್ಚುಹಾಕಿಸಿದವರು ಐರಿಷ್ ಟಿಪ್ಪಣಿಗಳ ಮುಂದೆಯೂ ಅದೇ ಎಚ್ಚರದಿಂದ ಕುಳಿತರೆಂಬುದು ಆಕಸ್ಮಿಕವಲ್ಲ.

ಇಲ್ಲಿ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಪ್ರಾಚೀನ ಐರಿಷ್ ಧರ್ಮದ ಪ್ರಕಾರ, ಸಾಲಗಾರನು ಉನ್ನತ ಪದವಿಯವನಾಗಿದ್ದರೆ ಅವನ ದನವನ್ನು ನೇರವಾಗಿ ಜಪ್ತಿಮಾಡುವಂತಿರಲಿಲ್ಲ. ನ್ಯಾಯ ಬೇಡುವವನು ಮೊದಲು ಅವನ ಮನೆಯ ಮುಂದೆ ಉಪವಾಸ ಕೂರಬೇಕಾಗಿತ್ತು. ಆ ಉಪವಾಸಕ್ಕೆ ಮಣಿಯದೆ ಒತ್ತೆಯನ್ನೂ ಕೊಡದೆ ಉಂಡವನು ಸಮಾಜದಲ್ಲಿ ತನ್ನ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದನು. ಇದು ನಮ್ಮ ದೇಶದ ಧರಣಿಯೇ ಎಂಬುದನ್ನು, ಸ್ಟೋಕ್ಸ್ ಅವರಿಗಿಂತ ಮೊದಲು ಕಾನೂನು ಸದಸ್ಯರಾಗಿದ್ದ ಹೆನ್ರಿ ಮೇನ್ ಅವರು 1875ರ ತಮ್ಮ ಉಪನ್ಯಾಸಗ್ರಂಥದಲ್ಲಿ ಎತ್ತಿತೋರಿಸಿದರು. ಆ ಗ್ರಂಥದಲ್ಲಿ ಐರಿಷ್ ಪದಗಳ ವಿಷಯದಲ್ಲಿ ಸ್ಟೋಕ್ಸ್ ಅವರ ನೆರವನ್ನು ಅವರು ಸ್ಮರಿಸಿದ್ದಾರೆ. 1887ರಲ್ಲಿ ಸ್ಟೋಕ್ಸ್ ಅವರು ಸಂಪಾದಿಸಿದ ಪೇಟ್ರಿಕ್ ಸಂತನ ಮೂರು ಭಾಗಗಳ ಚರಿತ್ರೆಯಲ್ಲಿ ಇದೇ ಆಚಾರವು ಅದ್ಭುತವಾದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಸಂತನು ಕ್ರೂಅಖಾನ್ ಬೆಟ್ಟವನ್ನೇರಿ ದೇವರ ವಿರುದ್ಧವೇ ಉಪವಾಸ ಕೂರುತ್ತಾನೆ. ನಿನ್ನ ಬೇಡಿಕೆ ಅತಿಯಾಯಿತೆಂದು ದೇವದೂತನು ಬಂದು ಹೇಳಿದರೂ, ಅವು ಸಲ್ಲುವವರೆಗೆ ಬೆಟ್ಟವನ್ನಿಳಿಯೆನೆಂದು ಹಟಹಿಡಿದು, ತನ್ನ ಜನರಿಗಾಗಿ ಒಂದೊಂದೇ ವರವನ್ನು ಪಡೆಯುತ್ತಾನೆ. ಭಕ್ತಿಯ ಕಥೆಯೆಂದು ಓದಿದರೆ ಇದು ವಿಚಿತ್ರವಾಗಿ ತೋರುತ್ತದೆ. ಸಾಲಗಾರನ ಬಾಗಿಲಲ್ಲಿ ಕುಳಿತ ದಾವೆದಾರನ ಕಥೆಯೆಂದು ಓದಿದರೆ ಪ್ರತಿಯೊಂದು ಹೆಜ್ಜೆಯೂ ಅರ್ಥವಾಗುತ್ತದೆ. ದೇವರು ಅತ್ಯುನ್ನತ ಪದವಿಯವನಾದುದರಿಂದ ಅವನ ಮೇಲೆ ಬೇರೆ ಯಾವ ಪ್ರಕ್ರಿಯೆಯೂ ಸಾಗದು!

ಈಗ ಇದರ ಮಗ್ಗುಲಲ್ಲಿ ಇನ್ನೊಂದು ಗ್ರಂಥವನ್ನು ಇಟ್ಟು ನೋಡಬೇಕು. ಮೆಕಾಲೆಯವರ ಕರಡಿನಿಂದ ಹುಟ್ಟಿದ 1860ರ ಭಾರತೀಯ ದಂಡ ಸಂಹಿತೆಯ 508ನೆಯ ಪ್ರಕರಣವು, ದೈವಕೋಪಕ್ಕೆ ಗುರಿಯಾಗುವೆಯೆಂಬ ನಂಬಿಕೆಯನ್ನು ಹುಟ್ಟಿಸಿ ಒಬ್ಬನಿಂದ ಕೆಲಸ ಮಾಡಿಸುವುದನ್ನು ಅಪರಾಧವೆಂದು ಸಾರಿತು. ಅದಕ್ಕೆ ಕೊಟ್ಟ ಮೊದಲನೆಯ ದೃಷ್ಟಾಂತವು ಬಾಗಿಲಲ್ಲಿ ಧರಣಿ ಕೂರುವವನದೇ. ಆ ಸಂಹಿತೆಯು 2024ನೆಯ ಜುಲೈ 1ರವರೆಗೆ ಜಾರಿಯಲ್ಲಿತ್ತು. ಸ್ಟೋಕ್ಸ್ ಅವರ ‘ಆಂಗ್ಲೋ ಇಂಡಿಯನ್ ಕೋಡ್ಸ್’ ಗ್ರಂಥದ ಮೊದಲನೆಯ ಸಂಪುಟದಲ್ಲಿ ಈ ದಂಡ ಸಂಹಿತೆಯು ಸೇರಿದೆ. ಅದು ಹೊರಬಂದ ವರ್ಷವು 1887. ಪೇಟ್ರಿಕ್ ಸಂತನ ಚರಿತ್ರೆ ಪ್ರಕಟವಾದುದೂ ಅದೇ ವರ್ಷ. ಒಂದೇ ಲೇಖನಿಯ ಕೆಳಗೆ ಒಂದು ಕಡೆ ಉಪವಾಸವು ಸಂತನ ಮಹಿಮೆ, ಇನ್ನೊಂದು ಕಡೆ ಅದು ಶಿಕ್ಷಾರ್ಹ ಅಪರಾಧ. ಎರಡನ್ನೂ ಸ್ಟೋಕ್ಸ್ ಅವರು ಸಮಾನವಾದ ನಿಷ್ಕೃಷ್ಟತೆಯಿಂದ ಸಂಪಾದಿಸಿದ್ದಾರೆ. ಮುಂದೆ 1920ರಲ್ಲಿ ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿಯವರು ಲಂಡನ್ನಿನ ಸೆರೆಮನೆಯಲ್ಲಿಯೂ, 1929ರಲ್ಲಿ ಜತೀಂದ್ರನಾಥ ದಾಸರು ಲಾಹೋರಿನ ಸೆರೆಮನೆಯಲ್ಲಿಯೂ ಉಪವಾಸದಿಂದ ಪ್ರಾಣಬಿಟ್ಟಾಗ, ಈ ಹಳೆಯ ಪ್ರಕ್ರಿಯೆಯು ಎರಡು ದೇಶಗಳಲ್ಲಿಯೂ ಸತ್ತಿರಲಿಲ್ಲವೆಂಬುದು ಜಗತ್ತಿಗೆ ಕಂಡಿತು.

ಸ್ಟೋಕ್ಸ್ ಅವರು ನಮ್ಮ ದೇಶದ ವಿದ್ಯೆಗೆ ಮಾಡಿದ ಒಂದು ಉಪಕಾರವನ್ನು ಇಲ್ಲಿ ಹೇಳದೆ ಬಿಡುವುದು ಅನ್ಯಾಯವಾಗುತ್ತದೆ. ಸಂಸ್ಕೃತ ಹಸ್ತಪ್ರತಿಗಳನ್ನು ರಕ್ಷಿಸಬೇಕೆಂದು 1868ರಲ್ಲಿ ಲಾಹೋರಿನ ಪಂಡಿತ ರಾಧಾಕೃಷ್ಣ ಅವರು ವೈಸರಾಯರಿಗೆ ಬರೆದುಕೊಂಡಾಗ, ದೇಶದಾದ್ಯಂತ ಹಸ್ತಪ್ರತಿಗಳನ್ನು ಹುಡುಕಿ, ಪಟ್ಟಿಮಾಡಿ, ಸಾಧ್ಯವಾದಲ್ಲಿ ಕೊಳ್ಳುವ ಅಥವಾ ನಕಲುಮಾಡಿಸುವ ಯೋಜನೆಯನ್ನು ಟಿಪ್ಪಣಿರೂಪವಾಗಿ ಸಿದ್ಧಪಡಿಸಿದವರು ಸ್ಟೋಕ್ಸ್ ಅವರು. ಬ್ಯೂಲರ್, ಕೀಲ್‌ಹಾರ್ನ್, ರಾಜೇಂದ್ರಲಾಲ ಮಿತ್ರ ಮುಂತಾದವರ ಶೋಧನೆಗಳು ಈ ಯೋಜನೆಯಿಂದ ಬೆಳೆದವು. ತಂಜಾವೂರು ಅರಮನೆಯ ಹಸ್ತಪ್ರತಿಗಳ ಸೂಚಿಯನ್ನು 1880ರಲ್ಲಿ ಪೂರೈಸಿದ ಬರ್ನೆಲ್ ಅವರ ಹೆಸರೂ ಇವರ ಜೊತೆಗೆ ಸೇರುತ್ತದೆ. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ಇವರ ಗ್ರಂಥವು ಮಂಗಳೂರಿನಲ್ಲಿ 1874ರಲ್ಲಿ ಅಚ್ಚಾದುದನ್ನು ಕನ್ನಡಿಗರು ಬಲ್ಲರು. ತಮ್ಮ ತಾಯ್ನಾಡಿನಲ್ಲಿ ಹಸ್ತಪ್ರತಿಗಳು ಚದುರಿಹೋದುದನ್ನು ಕಂಡವರಿಗೆ ಇಲ್ಲಿಯ ಅಪಾಯವು ಬೇಗ ಅರ್ಥವಾಗಿರಬೇಕು.

ಇನ್ನು ಕುಂದುಗಳನ್ನು ನೋಡೋಣ. ಇವರ ವಾದಶೈಲಿಯು ಕಟುವಾದುದು. ಡಬ್ಲಿನ್ನಿನ ಪ್ರಾಧ್ಯಾಪಕ ಅಟ್ಕಿನ್ಸನ್ ಅವರು ಪ್ರಾಚೀನ ಐರಿಷ್ ಧರ್ಮಶಾಸ್ತ್ರಗಳಿಗೆ ರಚಿಸಿದ ಪದಕೋಶವನ್ನು 1903ರಲ್ಲಿ ಇವರು ಪದಪದವಾಗಿ ಖಂಡಿಸಿದ ಪುಸ್ತಿಕೆಯು ವಿದ್ವತ್ತಿನ ದೃಷ್ಟಿಯಿಂದ ಉಪಯುಕ್ತ, ಸೌಜನ್ಯದ ದೃಷ್ಟಿಯಿಂದ ದರಿದ್ರ. ಸ್ಟ್ಯಾಂಡಿಷ್ ಹೇಸ್ ಒಗ್ರೇಡಿಯವರೊಡನೆಯೂ ಇಂಥ ಕಲಹವೇ ನಡೆಯಿತು. ಒಗ್ರೇಡಿಯವರು 1892ರಲ್ಲಿ ಹಲವಾರು ಕಥೆಗಳನ್ನು ರಸವತ್ತಾದ, ಆದರೆ ಮೂಲದಿಂದ ಅಲ್ಲಲ್ಲಿ ಸರಿಯುವ ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವುಗಳಲ್ಲಿ ಒಂದಾದ ‘ಹಿರಿಯರ ಸಂವಾದ’ವನ್ನು ಸ್ಟೋಕ್ಸ್ ಅವರು 1900ರಲ್ಲಿ ಬೇರೆ ಪ್ರತಿಗಳಿಂದ ಮತ್ತೆ ಸಂಪಾದಿಸಿ, ಒಗ್ರೇಡಿಯವರು ಬಿಟ್ಟಿದ್ದ ಭಾಗಗಳನ್ನು ಮಾತ್ರ ಭಾಷಾಂತರಿಸಿದರು. ಫಿನ್ ಎಂಬ ವೀರನ ಬಳಗದಲ್ಲಿ ಅಳಿದುಳಿದ ಮುದುಕರು ಪೇಟ್ರಿಕ್ ಸಂತನಿಗೆ ಊರೂರು ಸುತ್ತುತ್ತ ಒಂದೊಂದು ಬೆಟ್ಟದ, ಒಂದೊಂದು ಹೊಳೆಯ ಕಥೆಯನ್ನು ಹೇಳುವ ಈ ಗ್ರಂಥದ ಕರುಣರಸವು ಆ ತುಂಡುಗಳ ಭಾಷಾಂತರದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಚರಿತ್ರೆಯ ಕೆಲಸಕ್ಕೆ ನಾನು ಮೇಜಿನ ಮೇಲೆ ಇಟ್ಟುಕೊಳ್ಳುವುದು ಸ್ಟೋಕ್ಸ್ ಅವರ ಪುಸ್ತಕವನ್ನು. ಆದರೆ ಈ ಸಾಹಿತ್ಯವನ್ನು ಮೊದಲಬಾರಿಗೆ ಓದುವ ವಿದ್ಯಾರ್ಥಿಗೆ ಒಗ್ರೇಡಿಯವರನ್ನೇ ಕೊಡುತ್ತೇನೆ.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ. ದಸ್ತಾವೇಜನ್ನು ಇದ್ದಂತೆ ಕೊಡುವುದೇ ಇವರ ಪ್ರತಿಜ್ಞೆಯಾದರೆ, ಆ ಪ್ರತಿಜ್ಞೆ ಎಲ್ಲ ಕಡೆಗಳಲ್ಲಿಯೂ ಪಾಲಿತವಾಗಿದೆಯೇ? 1891ರಲ್ಲಿ ಪ್ಯಾರಿಸಿನ ‘ರೆವ್ಯು ಸೆಲ್ಟೀಕ್’ ಪತ್ರಿಕೆಯಲ್ಲಿ ಇವರು ಪ್ರಕಟಿಸಿದ ಮಾಯ್‌ತುರಾ ಯುದ್ಧದ ಕಥೆಯನ್ನು ತೆಗೆದುಕೊಳ್ಳಿ. ಐರಿಷ್ ದೇವತೆಗಳ ಪುರಾಣಕ್ಕೆ ಇದೇ ಮುಖ್ಯವಾದ ಮೂಲ. ಇದರಲ್ಲಿ ದಗ್ಡ ಎಂಬ ದೇವನು ಶತ್ರುರಾಜನ ಮಗಳನ್ನು ಕೂಡುವ ಪ್ರಸಂಗವು ಒರಟಾದ ಹಾಸ್ಯದಿಂದ ತುಂಬಿದೆ. ಸ್ಟೋಕ್ಸ್ ಅವರು ಅದನ್ನು ಅಸಭ್ಯವೆಂದು ಬಗೆದು ಬಿಟ್ಟುಬಿಟ್ಟರು. ಬಿಟ್ಟ ಭಾಗವನ್ನು ಅನಂತರ ತೂರ್ನೈಸನ್ ಅವರು ಪ್ರಕಟಿಸಿದರು. ಕಥೆಯು ಇಡಿಯಾಗಿ, ಅನುವಾದಸಹಿತವಾಗಿ ದೊರೆತುದು ಎಲಿಜಬೆತ್ ಗ್ರೇ ಅವರ 1982ರ ಆವೃತ್ತಿಯಲ್ಲಿ. ಆ ಹುಡುಗಿಯು ಆ ಸಂಗಮದ ಫಲವಾಗಿಯೇ ತನ್ನ ತಂದೆಯ ಪಕ್ಷವನ್ನು ಬಿಟ್ಟು ದೇವತೆಗಳಿಗೆ ನೆರವಾಗಲು ಒಪ್ಪುವಳಾದುದರಿಂದ, ಬಿಟ್ಟುದು ಬರಿಯ ಅಲಂಕಾರವಲ್ಲ, ಕಥೆಯ ಒಂದು ಕೀಲು. ತೊಂಬತ್ತು ವರ್ಷಗಳ ಕಾಲ ಇಂಗ್ಲಿಷ್ ಓದುಗರು ದಗ್ಡನನ್ನು ಕೀಲಿಲ್ಲದ ಕಥೆಯಲ್ಲಿಯೇ ಕಂಡರು. ಅಕ್ಷರವೊಂದನ್ನು ಸೇರಿಸಿದರೆ ವಾಲಿದ ಅಚ್ಚಿನಲ್ಲಿ ತೋರಿಸುವ ಸಂಪಾದಕರು, ಪ್ರಸಂಗವೊಂದನ್ನು ತೆಗೆಯುವಾಗ ತಮ್ಮ ಕಾಲದ ಮರ್ಯಾದೆಯನ್ನೇ ಪ್ರಮಾಣವಾಗಿಟ್ಟುಕೊಂಡರು. ಸಂಪಾದಕನೂ ಒಬ್ಬ ಸಾಕ್ಷಿಯೇ. ಅವನನ್ನೂ ಪಾಟೀಸವಾಲಿಗೆ ಒಳಪಡಿಸಬೇಕು.

ಮೂರನೆಯದು ಆಡುನುಡಿಯ ವಿಷಯ. ಸ್ಟೋಕ್ಸ್ ಅವರು ಐರಿಷ್ ಭಾಷೆಯನ್ನು ಮಾತನಾಡಲು ಕಲಿಯಲಿಲ್ಲ. ಅದರ ಉಚ್ಚಾರಣೆಯೂ ಅವರಿಗೆ ಸಿದ್ಧಿಸಿರಲಿಲ್ಲ. ಒಡೊನೊವನ್ ಮತ್ತು ಒಕರಿಯವರು ಹಳ್ಳಿಯಿಂದ ಬಂದವರು, ಭಾಷೆಯನ್ನು ಕಿವಿಯಿಂದ ಬಲ್ಲವರು. ತೌಲನಿಕ ವ್ಯಾಕರಣವನ್ನು ಅರಿಯದ ಅವರ ತಪ್ಪುಗಳನ್ನು ಸ್ಟೋಕ್ಸ್ ಅವರು ಎತ್ತಿಹೇಳಿದುದು ನ್ಯಾಯವೇ. ಒಡೊನೊವನ್ ಅವರು ಬಿಟ್ಟುಹೋಗಿದ್ದ ಕೊರ್ಮಾಕನ ನಿಘಂಟಿನ ಭಾಷಾಂತರವನ್ನು ಅವರ ಹೆಸರಿನಲ್ಲಿಯೇ ಕಲ್ಕತ್ತೆಯಲ್ಲಿ ಪ್ರಕಟಿಸಿ ಗೌರವ ಸಲ್ಲಿಸಿದುದೂ ನಿಜ. ಆದರೆ ಕ್ಷಾಮದ ತರುವಾಯ, ಆ ನುಡಿಯನ್ನು ಆಡುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾಗ, ಅವರ ಬಾಯಲ್ಲಿದ್ದ ಕಥೆ ಹಾಡುಗಳ ಕಡೆಗೆ ಇವರ ಲಕ್ಷ್ಯ ಹರಿಯಲಿಲ್ಲ. ಆ ಕೆಲಸವನ್ನು ಡಗ್ಲಸ್ ಹೈಡ್ ಅವರೂ 1893ರಲ್ಲಿ ಸ್ಥಾಪಿತವಾದ ಗೇಲಿಕ್ ಲೀಗ್ ಸಂಸ್ಥೆಯೂ ಮಾಡಬೇಕಾಯಿತು. ನಮ್ಮಲ್ಲಿ ಫ್ಲೀಟ್ ಅವರನ್ನು ಹೋಲಿಸಿ ನೋಡಬಹುದು. ಅವರೂ ಸರಕಾರದ ಅಧಿಕಾರಿಯೇ, ಶಾಸನಗಳ ಅಕ್ಷರಕ್ಕೆ ಕಟ್ಟುಬಿದ್ದವರೇ. ಆದರೂ ಸಂಗೊಳ್ಳಿ ರಾಯಣ್ಣನನ್ನು ಕುರಿತ ಲಾವಣಿಯೂ ಸೇರಿದಂತೆ ಜನರ ಬಾಯಲ್ಲಿದ್ದ ಕನ್ನಡ ಹಾಡುಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದರು. ತನ್ನ ಸರಕಾರವೇ ಗಲ್ಲಿಗೇರಿಸಿದವನ ಹಾಡನ್ನು ಕಿವಿಗೊಟ್ಟು ಕೇಳುವ ವ್ಯವಧಾನ ಆ ಅಧಿಕಾರಿಗಿತ್ತು.

ಸ್ಟೋಕ್ಸ್ ಅವರ ಅಧಿಕಾರಜೀವನದ ಒಂದು ಘಟನೆಯನ್ನು ಈ ಸಂದರ್ಭದಲ್ಲಿ ಮರೆಮಾಚಲಾಗದು. 1878ನೆಯ ಮಾರ್ಚ್ ತಿಂಗಳಲ್ಲಿ ಲಿಟ್ಟನ್ ಅವರ ಸರಕಾರವು ದೇಶೀಯ ಭಾಷಾ ಪತ್ರಿಕೆಗಳ ಕಾಯಿದೆಯನ್ನು ತಂದಿತು. ಇಂಗ್ಲಿಷ್ ಪತ್ರಿಕೆಗಳನ್ನು ಹೊರಗಿಟ್ಟು, ಭಾರತೀಯ ಭಾಷೆಗಳ ಪತ್ರಿಕೆಗಳಿಗೆ ಮಾತ್ರ ಬಾಯಿಕಟ್ಟು ಹಾಕಿದ ಕಾಯಿದೆಯದು. ಅದಕ್ಕೆ ಮಾದರಿಯಾದುದು ಐರ್ಲೆಂಡಿಗಾಗಿ ಮಾಡಿದ್ದ ಪತ್ರಿಕಾನಿರ್ಬಂಧದ ಕಾನೂನು. ಆ ಮಂಡಲಿಯ ಕಾನೂನು ಸದಸ್ಯರು ಸ್ಟೋಕ್ಸ್ ಅವರೇ ಆಗಿದ್ದರು. ಕಾಯಿದೆಯು 1882ರಲ್ಲಿ ರಿಪನ್ ಅವರ ಕಾಲದಲ್ಲಿ ರದ್ದಾಯಿತು. ಸಾವಿರ ವರ್ಷಗಳ ಹಿಂದಿನ ದೇಶೀಯ ಭಾಷೆಯೊಂದರ ಪ್ರತಿಯೊಂದು ಅಕ್ಷರವನ್ನೂ ಪೂಜ್ಯವೆಂದು ಭಾವಿಸಿದವರು, ಬದುಕಿದ್ದ ಭಾಷೆಗಳು ರಾಜಕಾರಣವನ್ನು ಮಾತನಾಡತೊಡಗಿದಾಗ ಆಳುವವರ ಪೀಠದಲ್ಲಿ ಕುಳಿತಿದ್ದರು. ಇದನ್ನು ಕಪಟವೆಂದು ನಾನು ಹೇಳಲಾರೆ. ಭಾಷೆಯು ಅವರ ಪಾಲಿಗೆ ಬರಹದಲ್ಲಿತ್ತು, ಬಾಯಲ್ಲಿರಲಿಲ್ಲ. ಬಾಯಲ್ಲಿದ್ದುದು ಆಡಳಿತದ ವಿಷಯವಾಗಿತ್ತು.

ಹೀಗಿದ್ದರೂ, ಅವರು ಶುಷ್ಕವಾಗಿ ಕೊಟ್ಟ ಪಾಠಗಳು ಅವರ ಉದ್ದೇಶವನ್ನು ಮೀರಿ ಹರಿದವು. ಲೇಡಿ ಗ್ರೆಗರಿಯವರು 1902 ಮತ್ತು 1904ರಲ್ಲಿ ಐರಿಷ್ ವೀರರ, ದೇವತೆಗಳ ಕಥೆಗಳನ್ನು ಜನರ ಇಂಗ್ಲಿಷಿನಲ್ಲಿ ಮರುಹೇಳಿದಾಗ ಆಶ್ರಯಿಸಿದ ಆಕರಗಳಲ್ಲಿ ಸ್ಟೋಕ್ಸ್ ಅವರ ಭಾಷಾಂತರಗಳೂ ಇವೆ. ಆ ಪುಸ್ತಕಗಳ ಮೂಲಕ ಅವು ಯೇಟ್ಸ್ ಕವಿಗೂ ಡಬ್ಲಿನ್ನಿನ ರಂಗಭೂಮಿಗೂ ತಲುಪಿದವು. ಇನ್ನೊಂದು ಕವಲಿನಲ್ಲಿ, ಸ್ಟ್ರಾಹನ್ ಅವರೊಡನೆ ಸೇರಿ 1901 ಮತ್ತು 1903ರಲ್ಲಿ ಎರಡು ಸಂಪುಟಗಳಾಗಿ ಹೊರತಂದ ಪ್ರಾಚೀನ ಐರಿಷ್ ಟಿಪ್ಪಣಿಗಳ ಮಹಾಸಂಗ್ರಹವಿದೆ. ವ್ಯೂರ್ಟ್ಸ್‌ಬುರ್ಗ್, ಮಿಲಾನ್, ಸೇಂಟ್ ಗಾಲ್ ಮೊದಲಾದ ಕಡೆಗಳಲ್ಲಿ ಚದುರಿದ್ದುದೆಲ್ಲ ಅದರಲ್ಲಿ ಒಂದೆಡೆ ಸೇರಿತು. ನೂರು ವರ್ಷಗಳು ಕಳೆದ ಮೇಲೂ ಪ್ರಾಚೀನ ಐರಿಷ್ ಕಲಿಯುವವರು ಅದನ್ನು ಬಿಟ್ಟು ಮುಂದೆ ಹೋಗಲಾರರು.

1909ನೆಯ ಏಪ್ರಿಲ್ 13ರಂದು ಸ್ಟೋಕ್ಸ್ ಅವರು ಲಂಡನ್ನಿನಲ್ಲಿ ನಿಧನರಾದರು. ಇವರ ಟಿಪ್ಪಣಿ ಪುಸ್ತಕಗಳ ದೊಡ್ಡ ರಾಶಿಯೊಂದು ಲೈಪ್‌ಜಿಗ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಯಾರ ಗಮನಕ್ಕೂ ಬಾರದೆ ಬಹುಕಾಲ ಉಳಿದಿತ್ತು. ಅದರ ವಿವರಗಳನ್ನು ಡಾವಿ ಒಕ್ರೋನಿನ್ ಅವರು 2011ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅದೇ ವರ್ಷ ಸ್ಟೋಕ್ಸ್ ಅವರ ಭಾರತದ ಕಾರ್ಯವನ್ನೂ ಐರಿಷ್ ಕಾರ್ಯವನ್ನೂ ಒಟ್ಟಿಗೆ ಪರಿಶೀಲಿಸುವ ಲೇಖನಸಂಗ್ರಹವೊಂದು ಡಬ್ಲಿನ್ನಿನಿಂದ ಹೊರಬಂದಿದೆ. ನಮ್ಮ ಕಡೆಯಿಂದ ಆಗಬೇಕಾದ ಕೆಲಸವೂ ಉಂಟು. ಮದರಾಸಿನಲ್ಲಿ ಇವರು ಮರುಮುದ್ರಿಸಿದ ಕೋಲ್‌ಬ್ರೂಕ್ ಅವರ ಮಿತಾಕ್ಷರೆಯನ್ನು 1810ರ ಮೂಲಮುದ್ರಣದೊಡನೆ ಸಾಲುಸಾಲಾಗಿ ತಾಳೆನೋಡಿ, ಇವರ ಕೈ ಎಲ್ಲೆಲ್ಲಿ ಆಡಿದೆಯೆಂಬುದನ್ನು ಗುರುತಿಸುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರಿಗೆ ಒಂದು ವರ್ಷದ ಕೆಲಸಕ್ಕೆ ಸಾಕಾಗುವಷ್ಟಿದೆ.